ಒಂದೂ ಪುಲ್‌ಅಪ್ ಬರಲ್ಲ, ಅಬ್‌ಸ್ಟಕಲ್ ರೇಸ್‌ಗೆ ಹೆಸರು ಕೊಡಬಹುದಾ?

ಕಂಬಿಗೆ ನೇತಾಡಿ ಗಲ್ಲ ಅದರ ಮೇಲೆ ಬರುವಂತೆ ಮೈ ಎಳೆದುಕೊಳ್ಳುವ ಪುಲ್‌ಅಪ್ ಬರದಿದ್ದರೂ ಧಾರಾಳವಾಗಿ ಕೊಡಬಹುದು. ಊರಾಚೆಯ ತೋಟದಲ್ಲೋ ಕಾಲೇಜು ಮೈದಾನದಲ್ಲೋ ನಡೆಯುವ, 5 ಕಿ.ಮೀ. ದೂರದ, ಓಡುತ್ತ ಗೋಡೆ, ಹಗ್ಗ, ಕೆಸರಿನಂಥ ಹತ್ತು-ಹದಿನೈದು ಅಡೆತಡೆ ದಾಟುವ ಸಣ್ಣ ರೇಸ್ ಬಗ್ಗೆ ಹೇಳುತ್ತಿದ್ದೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಐದು ಆಟಗಳು ಸೇರಿದ ಮಾಡರ್ನ್ ಪೆಂಟಾಥ್ಲಾನ್‌ನ ಕುದುರೆ ಸವಾರಿ ಹೋಗಿ ಅಬ್‌ಸ್ಟಕಲ್ ಬರುತ್ತಿದೆಯಲ್ಲ, ಅದರ ವಿಡಿಯೋ ನೋಡಿ ಹೆದರುವುದು ಬೇಡ. ಅದು ಬೇರೆಯೇ ಆಟ.

ಇಲ್ಲಿ ಹೆಚ್ಚಿನವರು ಕೈಚೆಲ್ಲುವುದು ಬೆರಳಿನ ಹಿಡಿತ ಸೋತಾಗ, ಅಥವಾ ಓಟದಲ್ಲಿ ಮೊದಲೇ ದಣಿದಾಗ. ಅಡೆತಡೆಗಳನ್ನೆಲ್ಲ ಸೇರಿಸಿದರೂ ಕೆಲವು ನೂರು ಮೀಟರ್ ಅಷ್ಟೇ, ಮಿಕ್ಕಿದ್ದೆಲ್ಲ ಓಟ.

ಪುಲ್‌ಅಪ್ ಭಯ ಹುಟ್ಟಿಸುವುದು ಮುಖ್ಯವಾಗಿ ಹಗ್ಗ. ತೋಳ ಬಲದಲ್ಲೇ ಹತ್ತಲು ಹೊರಟವರು ಅರ್ಧದಲ್ಲಿ ನೇತಾಡುತ್ತಾರೆ, ಏಕೆಂದರೆ ಹಗ್ಗ ಹತ್ತುವುದು ಕಾಲಿನ ಕೆಲಸ. ಹಗ್ಗ ಬಲಗಾಲಿನ ಹೊರಬದಿಗೆ ಇರಲಿ. ಎತ್ತರದಲ್ಲಿ ಹಿಡಿದು ಎರಡೂ ಮಂಡಿಗಳನ್ನು ಎದೆಯ ಕಡೆಗೆ ಎಳೆದುಕೊಳ್ಳಿ. ಎಡಪಾದವನ್ನು ಬಲಪಾದದ ಅಡಿಯಿಂದ ತೂರಿಸಿ ಹಗ್ಗವನ್ನು ಒಳಕ್ಕೆ, ಮೇಲಕ್ಕೆ ಸೆಳೆಯಿರಿ. ಈಗ ಹಗ್ಗ ಬಲ ಅಂಗಾಲಿನ ಕೆಳಗೆ ಹಾದು ಎಡಪಾದದ ಮೇಲೆ ಬಂದಿರುತ್ತದೆ. ಬಲಪಾದದಿಂದ ಅದನ್ನು ಒತ್ತಿ ತುಳಿದರೆ ಮೆಟ್ಟಿಲು ಸಿದ್ಧ. ಮೊದಲು ಅದರ ಮೇಲೆ ಎದ್ದು ನಿಲ್ಲಿ, ಆಮೇಲೆ ಕೈ ಸರಿಸಿ. ಪ್ರತಿ ಸಲ ಒಂದೂವರೆ ಅಡಿ ಸಿಕ್ಕರೂ 15 ಅಡಿಯ ಹಗ್ಗಕ್ಕೆ ಎಂಟು-ಹತ್ತು ಮೆಟ್ಟಿಲು ಸಾಕು. ಮಂಡಿ ಸಾಕಷ್ಟು ಮೇಲೆ ಬರದಿದ್ದರೆ ಒಂದೊಂದು ಮೆಟ್ಟಿಲೂ ಗೇಣುದ್ದವಾಗಿ, ಹಗ್ಗದ ತುದಿಯಲ್ಲಿರುವ ಗಂಟೆ ಬಾರಿಸುವ ಮೊದಲೇ ಕೈ ಸೋತಿರುತ್ತದೆ. ಇಳಿಯುವಾಗ ಜಾರಬೇಡಿ, ಅಂಗೈ ಚರ್ಮ ಕಿತ್ತುಬರುತ್ತದೆ. ಪಾದದ ಬಿಗಿ ಸ್ವಲ್ಪ ಸಡಿಲಿಸಿ, ಕೈ ಕೆಳಗೆ ಕೈ ಹಾಕಿ ಇಳಿಯಿರಿ.

ಎನ್‌ಸಿಸಿಯಲ್ಲಿ 6 ಅಡಿ ಗೋಡೆ ದಾಟಿದವರಿಗೆ ಗೋಡೆಯ ವಿಷಯ ಹೇಳಬೇಕಿಲ್ಲ. ಉಳಿದವರು ಜೊತೆಗಾರರ ಸಹಾಯ ಕೇಳಿ, ಗಂಭೀರ ಪೈಪೋಟಿಯಿಲ್ಲದ ಸಾಮಾನ್ಯ ಬ್ಯಾಚಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅವರು ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಿಸಿ ಗಟ್ಟಿಯಾಗಿ ನಿಲ್ಲಲಿ. ನೀವು ಕಾಲಿಡಬೇಕಾದ್ದು ಅವರ ತೊಡೆಯ ಬುಡದಲ್ಲಿ, ಮಂಡಿಯ ಮೇಲಲ್ಲ. ಆ ಕಡೆಗೆ ಧುಮುಕುವುದೇ ಅಪಾಯ, ಕಣಕಾಲು ಉಳುಕುವುದು ಅಲ್ಲೇ. ಗೋಡೆಯ ತುದಿಗೆ ಹೊಟ್ಟೆ ಊರಿ, ಕಾಲು ಇಳಿಬಿಟ್ಟು, ಕೈಯಲ್ಲಿ ಪೂರ್ತಿ ನೇತಾಡಿ ಆಮೇಲೆ ಬಿಡಿ. 8 ಅಡಿ ಗೋಡೆಯಾದರೂ ಪಾದಕ್ಕೂ ನೆಲಕ್ಕೂ ಒಂದೆರಡು ಅಡಿಯಷ್ಟೇ ಉಳಿದಿರುತ್ತದೆ.

ಒಂದಾದ ಮೇಲೊಂದು ಕಂಬಿ ಹಿಡಿದು ನೇತಾಡುತ್ತ ದಾಟುವ ಮಂಕಿ ಬಾರ್ ಹಿಡಿಯುವ ಮೊದಲು ಕೈ ಒಣಗಿಸಿಕೊಳ್ಳಿ. ಬನಿಯನ್ನಿನ ಒಳಭಾಗಕ್ಕೆ ಒರೆಸಿ, ಅದೂ ಒದ್ದೆಯಾಗಿದ್ದರೆ ಒಣ ಮಣ್ಣನ್ನಾದರೂ ಉಜ್ಜಿಕೊಳ್ಳಿ. ಹೆಬ್ಬೆರಳು ಕಂಬಿಯನ್ನು ಸುತ್ತಿರಲಿ, ನಡುವೆ ನಿಂತು ಯೋಚಿಸಬೇಡಿ. ಕೈಗವಸು ದುಡ್ಡು ದಂಡ: ಕೆಸರು ಹತ್ತಿದ ಮೇಲೆ ಬರಿಗೈಗಿಂತ ಹೆಚ್ಚು ಜಾರುತ್ತದೆ. ಉಂಗುರವಂತೂ ಬೇಡವೇ ಬೇಡ, ಕಂಬಿಗೆ ಸಿಕ್ಕಿಕೊಂಡರೆ ಬೆರಳಿಗೇ ಕುತ್ತು.

ತಯಾರಿಗೆ ಎಂಟು ವಾರ ಇಟ್ಟುಕೊಳ್ಳಿ. ಪಾರ್ಕಿನ ಕಂಬಿಗೆ ನೇತಾಡಿ. 10 ಸೆಕೆಂಡಿನಿಂದ ಶುರುಮಾಡಿ 45ಕ್ಕೆ ಬಂದರೆ ಸಾಕು. ಅದು ಸುಲಭವಾದಾಗ ಕಂಬಿಗೆ ಟವೆಲ್ ಹಾಕಿ ಅದನ್ನು ಹಿಡಿಯಿರಿ. ಸ್ಟೂಲ್ ಹತ್ತಿ ಗಲ್ಲ ಕಂಬಿಯ ಮೇಲೆ ತಂದು, ಐದು ಸೆಕೆಂಡ್ ಎಣಿಸುತ್ತ ಕೆಳಗಿಳಿಯುವುದನ್ನೂ ಸೇರಿಸಿ. ವಾರಕ್ಕೆ ಮೂರು ದಿನ ಓಟ. ಅದರಲ್ಲೊಂದು ದಿನ 800 ಮೀಟರ್ ಓಡಿ 10 ಬರ್ಪಿ (ಕುಕ್ಕರಗಾಲಲ್ಲಿ ಕೂತು, ಕಾಲು ಹಿಂದಕ್ಕೆ ಚಾಚಿ, ಮತ್ತೆ ಎದ್ದು ಜಿಗಿಯುವ ವ್ಯಾಯಾಮ) ಹೊಡೆದು ಮತ್ತೆ ಓಡಿ, ಹೀಗೆ ನಾಲ್ಕು ಸುತ್ತು. ಏದುಸಿರಲ್ಲೇ ಮತ್ತೆ ಓಡುವುದು ಬೇರೆ ವಿದ್ಯೆ, ನೇರ ಓಟದಿಂದ ಅದು ಬರುವುದಿಲ್ಲ. ರೇಸ್‌ನಲ್ಲಿ ಹೊರಿಸುವ ಮರಳುಮೂಟೆಗೆ ಬದಲು 10 ಕೆಜಿ ಅಕ್ಕಿ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ. ಎದೆಗೆ ಅವಚಿಕೊಂಡರೆ ಸೊಂಟ ಬೇಗ ಸೋಲುತ್ತದೆ.

ಶೂ ಹೊಸದಾಗಿರಬಾರದು, ತಳ ಸವೆದದ್ದೂ ಆಗಬಾರದು. ತಳದಲ್ಲಿ 4-5 ಮಿ.ಮೀ. ಹಲ್ಲುಗಳಿರುವ, ನೀರು ಬಸಿದುಹೋಗುವ ಜಾಲರಿಯ ಶೂ ಒಳ್ಳೆಯದು. ಬೆಂಗಳೂರು ಸುತ್ತಿನ ಕೆಂಪು ಮಣ್ಣು ಮಳೆಗೆ ಜಾರುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಜಾರುವುದರ ಜೊತೆಗೆ ತಳಕ್ಕೆ ಮೆತ್ತಿಕೊಂಡು ಶೂವನ್ನೇ ಭಾರ ಮಾಡುತ್ತದೆ. ಅಲ್ಲಿ ಹಲ್ಲುಗಳ ನಡುವೆ ಅಂತರ ಹೆಚ್ಚಿರುವ ಶೂ ಬೇಕು. ಹತ್ತಿಯ ಕಾಲುಚೀಲ, ಜೀನ್ಸ್ ಎರಡೂ ನೀರು ಕುಡಿದು ಕೂರುತ್ತವೆ. ಮುಳ್ಳುತಂತಿಯ ಕೆಳಗೆ ತೆವಳಬೇಕಿರುವುದರಿಂದ ಮಂಡಿ ಮುಚ್ಚುವ ಟೈಟ್ಸ್ ಹಾಕಿಕೊಳ್ಳಿ.

ಆಯ್ಕೆ ಕೊಟ್ಟರೆ ಮೊದಲ ಬ್ಯಾಚ್ ಹಿಡಿಯಿರಿ. ಹತ್ತರ ಬಿಸಿಲು ತಪ್ಪುತ್ತದೆ ಎನ್ನುವುದು ಒಂದು. ಮುಖ್ಯವಾಗಿ ಗೋಡೆ, ಹಗ್ಗ, ಕಂಬಿ ಇನ್ನೂ ಒಣಗಿರುತ್ತವೆ. ನೂರಾರು ಕೆಸರು ಕೈಗಳು ಹಾದುಹೋದ ಮೇಲೆ ಅದೇ ಕಂಬಿ ಇನ್ನೊಂದಾಗಿರುತ್ತದೆ. ಹೆಸರು ಕೊಡುವಾಗಲೇ ಕೇಳಿ: ಒಂದು ಅಡೆತಡೆ ದಾಟಲಾಗದಿದ್ದರೆ ದಂಡವಾಗಿ ಬರ್ಪಿಯೋ, ಹೆಚ್ಚುವರಿ ಸುತ್ತೋ, ಪಕ್ಕದಿಂದ ಹೋಗಬಹುದೋ? ನೀರಿನ ಹೊಂಡ ಎಷ್ಟು ಆಳ? ಆಂಬುಲೆನ್ಸ್ ಇದೆಯಾ? ಉತ್ತರಕ್ಕೆ ತಡವರಿಸುವ ಕಡೆ ದುಡ್ಡು ಕಟ್ಟಬೇಡಿ.

ಕೆಸರು ಹೊಂಡಕ್ಕೆ ತಲೆ ಮುಂದಾಗಿ ಹಾರಬೇಡಿ, ತಳದಲ್ಲಿ ಕಲ್ಲಿದ್ದರೆ ಕುತ್ತಿಗೆ ಮುರಿಯಬಹುದು. ಕೈಕಾಲಲ್ಲಿ ಗಾಯವಿದ್ದರೆ ನೀರು ನುಗ್ಗದ ಪಟ್ಟಿ ಹಾಕಿ, ಟಿಟಿ ಇಂಜೆಕ್ಷನ್ ಆಗಿದೆಯೇ ನೋಡಿಕೊಳ್ಳಿ. ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಇಲಿ ಮೂತ್ರ ಸೇರಿದ ಕೆಸರಿನಿಂದ ಇಲಿಜ್ವರ ಬರಬಹುದು. ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದೆರಡು ವಾರ, ಕೆಲವೊಮ್ಮೆ ತಿಂಗಳೇ ಹಿಡಿಯುತ್ತದೆ. ಆ ನಡುವೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಕೆಸರಿನಲ್ಲಿ ಓಡಿದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.