ಕೆರೆ ಮೀನಿನಲ್ಲಿ ಪಾದರಸ: ಮಳೆಗಾಲದ ತನಕ ಆದ ಕೆಲಸ

ಬೆಂಗಳೂರಿನ ಕೆರೆ ಮೀನಿನಲ್ಲಿ ಪಾದರಸ ಎಷ್ಟಿದೆ ಅಂತ ನಾವೇ ಟೆಸ್ಟ್ ಮಾಡಿಸಿ ನೋಡೋಣ ಎಂದು ಶುರು ಮಾಡಿದ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಸ್ಯಾಂಪಲ್‌ಗಳು ಫ್ರೀಜರ್‌ನಲ್ಲಿವೆ. ಲ್ಯಾಬ್ ಗೊತ್ತು ಮಾಡಿದ್ದೇವೆ. ರಿಪೋರ್ಟ್ ಇನ್ನೂ ಬರಬೇಕು. ಕೆರೆಯ ಹೆಸರು ಮಾತ್ರ ಈಗ ಹೇಳುವುದಿಲ್ಲ. ನಂಬರ್ ಕೈಗೆ ಬರುವ ಮುಂಚೆ ಹೆಸರು ಹೇಳಿಬಿಟ್ಟರೆ, ಏರಿ ಮೇಲೆ ಮೀನು ಮಾರಿ ಬದುಕುವವರ ವ್ಯಾಪಾರ ಮಾರನೇ ದಿನವೇ ಬೀಳುತ್ತದೆ. ಬರೀ ಅನುಮಾನಕ್ಕೆ ಅವರ ಹೊಟ್ಟೆ ಮೇಲೆ ಹೊಡೆಯುವುದು ತಪ್ಪು.

ಬೇಸಿಗೆಗೆ ಮುಂಚೆ

ಮೊದಲು ಓದಿಕೊಂಡೆವು. "ಆ ಕೆರೆ ಅಷ್ಟು ಗಬ್ಬು ನಾರುತ್ತೆ, ಪಾದರಸ ಇಲ್ಲದೆ ಇರುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ನಾತಕ್ಕೂ ಪಾದರಸಕ್ಕೂ ನೇರ ಸಂಬಂಧ ಇಲ್ಲ. ಬೆಳ್ಳಂದೂರಿನಲ್ಲಿ ನೊರೆ ಎದ್ದಿದ್ದು ಚರಂಡಿ ನೀರು, ಸೋಪಿನ ಪುಡಿಯಿಂದ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿತ್ತಲ್ಲ, ಅಂಥ ಸಾವಿಗೂ ಸಾಮಾನ್ಯವಾಗಿ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗುವುದೇ ಕಾರಣ. ಪಾದರಸ ಕಣ್ಣಿಗೂ ಕಾಣದು, ಮೂಗಿಗೂ ಸಿಗದು. ಕೆನಡಾ, ಸ್ವೀಡನ್‌ನ ಕಾಡುಗಳ ನಡುವೆ ಇರುವ ತಿಳಿನೀರಿನ ಕೆರೆಗಳ ಮೀನಿನಲ್ಲೂ ಅದು ಜಾಸ್ತಿ ಸಿಕ್ಕಿದೆ. ಅಲ್ಲಿ ಹತ್ತಿರದಲ್ಲಿ ಒಂದು ಕಾರ್ಖಾನೆಯೂ ಇಲ್ಲ. ಎಲ್ಲೋ ಸುಟ್ಟ ಕಲ್ಲಿದ್ದಲಿನ ಹೊಗೆಯ ಜೊತೆ ಗಾಳಿಯಲ್ಲಿ ಬಂದು ಮಳೆಯೊಂದಿಗೆ ಇಳಿದಿದ್ದು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಕೊಡೈಕೆನಾಲ್ ಇದೆ. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಆಮೇಲೆ ಮಾಡಿದ ಪರೀಕ್ಷೆಗಳಲ್ಲಿ ಆ ಊರಿನ ಕೆರೆಯ ನೀರು, ಹೂಳು, ಮೀನು ಮೂರರಲ್ಲೂ ಪಾದರಸ ಸಿಕ್ಕಿತು.

ಕೆರೆಗೆ ಬಿದ್ದ ಪಾದರಸ ಹಾಗೇ ಮೀನಿಗೆ ಹೋಗುವುದು ಕಮ್ಮಿ. ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಮರ್ಕ್ಯುರಿ ಮಾಡುತ್ತವೆ, ಅಂದರೆ ಜೀವಿಗಳ ಮೈಗೆ ಸುಲಭವಾಗಿ ಸೇರಿಕೊಳ್ಳುವ ಪಾದರಸದ ವಿಷರೂಪ. ಅದು ಪಾಚಿಗೆ ಸೇರುತ್ತದೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಮರಿ ಮೀನಿಗೆ, ಮರಿಯಿಂದ ಬೇಟೆ ಮೀನಿಗೆ. ಒಂದೊಂದು ಮೆಟ್ಟಿಲಿಗೂ ಏರುತ್ತಾ ಹೋಗುತ್ತದೆ. ನೀರಿನಲ್ಲಿ ಇರುವುದಕ್ಕಿಂತ ಬೇಟೆ ಮೀನಿನ ಮಾಂಸದಲ್ಲಿ ಹತ್ತು ಲಕ್ಷ ಪಟ್ಟು ಜಾಸ್ತಿ ಇರಬಹುದು. ಹಾಗಾಗಿ ನೀರಿಗೆ ಅದ್ದಿ ಬಣ್ಣ ನೋಡುವ ಸ್ಟ್ರಿಪ್‌ಗಳಿಂದ ಏನೂ ತಿಳಿಯುವುದಿಲ್ಲ. ಮೀನನ್ನೇ ಅಳೆಯಬೇಕು.

ನಮ್ಮ ಕೆರೆಗಳ ಮಟ್ಟಿಗೆ ಎರಡೂ ಕಡೆ ವಾದ ಇದೆ. ಚರಂಡಿ ನೀರು ಸೇರಿ ಪಾಚಿ ಜಾಸ್ತಿ ಬೆಳೆಯುವ ಕೆರೆಯಲ್ಲಿ ಇರುವ ಪಾದರಸವೇ ಹಂಚಿಹೋಗಿ ಒಂದೊಂದು ಮೀನಿಗೆ ಬರುವ ಪಾಲು ಕಮ್ಮಿಯಾಗುತ್ತದೆ. ಮೀನೂ ಬೇಗ ಬೆಳೆಯುವುದರಿಂದ ಅದರ ಮಾಂಸದಲ್ಲಿ ಪಾದರಸ ಇನ್ನಷ್ಟು ತೆಳುವಾಗುತ್ತದೆ. ಹುಳಿ ನೀರಿನಲ್ಲಿ ತೊಂದರೆ ಜಾಸ್ತಿ, ನಮ್ಮ ನೀರು ಕ್ಷಾರದ ಕಡೆಗೇ ಇರುತ್ತದೆ. ಇಷ್ಟು ಸಮಾಧಾನ. ಆದರೆ ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲ, ಆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೇ ಅದು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ವಿಷಯ: ಒಣಗಿದ ಮಣ್ಣು ಮತ್ತೆ ನೆನೆದಾಗ ಮಿಥೈಲ್ ಮರ್ಕ್ಯುರಿ ಆಗುವುದು ಹೆಚ್ಚುತ್ತದೆ. ನಾವು ಮಾಡುವುದೇ ಅದು, ಅಲ್ವಾ? ಕೆರೆ ಒಣಗಿಸಿ, ಹೂಳೆತ್ತಿ, ಮತ್ತೆ ತುಂಬಿಸಿ, ಮೀನು ಮರಿ ಬಿಡುತ್ತೇವೆ. ಹೂಳೆತ್ತಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತುಂಬಿದ ಮೊದಲ ವರ್ಷಗಳಲ್ಲಿ ಮೀನನ್ನು ಅಳೆಯಲೂ ಬೇಕು.

ಮಾರ್ಚ್‌ನಿಂದ ಮೇ: ಮೀನು ಹಿಡಿದವರ ಜೊತೆ

ನಾವಾಗಿ ಗಾಳ ಹಾಕಲಿಲ್ಲ. ಕೆರೆಯ ಮೀನು ಟೆಂಡರ್ ಹಿಡಿದವರ ಕಡೆಯವರಿಂದ ದುಡ್ಡು ಕೊಟ್ಟೇ ತಗೊಂಡೆವು. ಜನ ತಿನ್ನುವ ಮೀನು ಅದೇ ತಾನೆ. ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಸುಲಭವಾಗಿ ಸಿಕ್ಕವು. ಕಾಟ್ಲಾ ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ, ಜಿಲೇಬಿ ಹೆಚ್ಚಾಗಿ ಪಾಚಿ, ಕೊಳೆತ ಎಲೆ ತಿನ್ನುತ್ತದೆ. ಇವು ಮೆಟ್ಟಿಲಿನ ಕೆಳಗಿನವು, ಕಾಟ್ಲಾ ಎಷ್ಟೇ ದಪ್ಪ ಇದ್ದರೂ.

ಕಷ್ಟವಾಗಿದ್ದು ಕೊರವ ಮೀನು. ಹಾವಿನ ತಲೆಯ, ಕಪ್ಪು ಬೆನ್ನಿನ ಬೇಟೆ ಮೀನು ಅದು. ಅಂಗಡಿಗಳಲ್ಲಿ ಮುರೆಲ್ ಅನ್ನುತ್ತಾರೆ. ಗಾಳಿಯನ್ನೂ ಉಸಿರಾಡುವುದರಿಂದ ಏರಿ ಮೇಲಿನ ಅಕ್ಕ ಅದನ್ನು ನೀಲಿ ಡ್ರಮ್ಮಿನಲ್ಲಿ ಗೇಣು ನೀರು ಹಾಕಿ ಜೀವಂತ ಇಟ್ಟಿರುತ್ತಾರೆ. ಆಗಾಗ ಮೂತಿ ಮೇಲೆತ್ತಿ ಒಂದು ಗುಟುಕು ಗಾಳಿ ಎಳೆದು ಮತ್ತೆ ತಳಕ್ಕೆ ಇಳಿಯುತ್ತದೆ. ಮೂರು ಅಳತೆಯವು ಬೇಕು ಅಂದಾಗ ಅಕ್ಕ ಹೇಳಿದರು: "ಕೊರವ ಬೇಕಂದ್ರೆ ಮುಂಚೇನೇ ಹೇಳ್ಬೇಕು ಕಣಮ್ಮ. ಬಾಣಂತೀರಿಗೆ, ಆಪ್ರೇಷನ್ ಆದೋರಿಗೆ ಅಂತ ಬೆಳಗ್ಗೆನೇ ತಗೊಂಡ್ ಹೋಗ್ಬಿಡ್ತಾರೆ. ದೊಡ್ಡದಕ್ಕೇ ಕೇಳೋದು."

ಈ ಮಾತು ನಮ್ಮ ಇಡೀ ಪ್ಲಾನನ್ನೇ ಬದಲಾಯಿಸಿತು. ಕೆರೆಯಲ್ಲಿ ಪಾದರಸ ಜಾಸ್ತಿ ಇರುವ ಸಾಧ್ಯತೆ ಇರುವುದು ದೊಡ್ಡ, ವಯಸ್ಸಾದ ಬೇಟೆ ಮೀನಿನಲ್ಲಿ. ಮಿಥೈಲ್ ಮರ್ಕ್ಯುರಿಗೆ ಎಲ್ಲಕ್ಕಿಂತ ಹೆಚ್ಚು ಬಲಿಯಾಗುವುದು ಹೊಟ್ಟೆಯಲ್ಲಿರುವ ಮಗುವಿನ ಮೆದುಳು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಸಮುದ್ರದ ಮೀನು ತಿಂದು ಆದ, 1956ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ, ತಮಗೆ ಅಷ್ಟೇನೂ ಕಾಯಿಲೆ ಕಾಣದ ತಾಯಂದಿರ ಹೊಟ್ಟೆಯಲ್ಲೂ ತೀರಾ ಜರ್ಜರಿತವಾದ ಮಕ್ಕಳು ಹುಟ್ಟಿದವು. ಬಾಣಂತಿಯ ಮೈಯಲ್ಲಿ ಸೇರಿದ್ದು ಅರ್ಧ ಇಳಿಯಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಸ್ವಲ್ಪ ಹಾಲಿನ ಮೂಲಕ ಮಗುವಿಗೂ ಹೋಗುತ್ತದೆ.

ಲೆಕ್ಕ ಹಾಕಿ ನೋಡಿದೆ. ನಮ್ಮ ದೇಶದ ನಿಯಮದಲ್ಲಿ ಮಾಮೂಲಿ ಮೀನಿಗೆ ಮಿತಿ ಕೆಜಿಗೆ 0.5 ಮಿಲಿಗ್ರಾಂ ಪಾದರಸ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ತಜ್ಞರ ಸಮಿತಿ 2003ರಲ್ಲಿ ಹೇಳಿದ್ದು, ವಾರಕ್ಕೆ ಮೈತೂಕದ ಕೆಜಿಗೆ 1.6 ಮೈಕ್ರೋಗ್ರಾಂ ಮಿಥೈಲ್ ಮರ್ಕ್ಯುರಿ ಮೀರಬಾರದು ಅಂತ. 55 ಕೆಜಿ ಹೆಂಗಸಿಗೆ ವಾರಕ್ಕೆ 88 ಮೈಕ್ರೋಗ್ರಾಂ. ಮೀನು ಸರಿಯಾಗಿ ಮಿತಿಯಲ್ಲೇ ಇದ್ದರೂ 176 ಗ್ರಾಂ ತಿನ್ನುವಷ್ಟರಲ್ಲಿ ವಾರದ ಪಾಲು ಮುಗಿಯುತ್ತದೆ. ದಿನಾ ಕೊರವದ ಸಾರು ಕೊಡುವ ಮನೆಯಲ್ಲಿ ಅದು ಎರಡು ದಿನದ ಊಟ. ಸಾರನ್ನು ಎಷ್ಟು ಕುದಿಸಿದರೂ ಹೋಗದು, ಯಾಕೆಂದರೆ ಅದು ಕೊಬ್ಬಿನಲ್ಲಿ ಇರುವುದಿಲ್ಲ, ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ನಮ್ಮ ಕೊರವದಲ್ಲಿ ಅಷ್ಟಿದೆ ಅಂತ ನಾನು ಹೇಳುತ್ತಿಲ್ಲ. ಅಳೆಯದೆ ಬಿಡಬಾರದು ಅಂತ ಹೇಳುತ್ತಿದ್ದೇನೆ.

ಹಾಗಾಗಿ ಲ್ಯಾಬ್ ದುಡ್ಡಿನ ದೊಡ್ಡ ಪಾಲು ಈಗ ಕೊರವಕ್ಕೆ. ಹೋಲಿಕೆಗೆ ಜಿಲೇಬಿ, ಕಾಟ್ಲಾ ಕೆಲವು. ಪ್ರತಿ ಮೀನಿನ ಉದ್ದ, ತೂಕ ಬರೆದು, ಹೊಟ್ಟೆ ಸೀಳಿ ಏನು ತಿಂದಿದೆ ಅಂತಲೂ ನೋಡಿದೆವು. ಎಲ್ಲಕ್ಕಿಂತ ದೊಡ್ಡ ಕೊರವದ ಹೊಟ್ಟೆಯಲ್ಲಿ ಅರ್ಧ ಕರಗಿದ ಜಿಲೇಬಿ ಮರಿ, ಬೆನ್ನಿನ ಮುಳ್ಳುಗಳು ಇನ್ನೂ ಗಟ್ಟಿಯಾಗಿದ್ದವು. ಬೆನ್ನಿನ ರೆಕ್ಕೆಯ ಪಕ್ಕದಿಂದ ಚರ್ಮ ಬಿಡಿಸಿ ಮಾಂಸದ ತುಂಡು ತೆಗೆದು, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರ್‌ಗೆ ಹಾಕಿದೆವು. ಮೀನಿಂದ ಮೀನಿಗೆ ಚಾಕು ತೊಳೆದು, ಗ್ಲೌಸ್ ಬದಲಾಯಿಸಿ. ಬೇಸರದ ಕೆಲಸ, ಆದರೆ ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ.

ಜೂನ್: ಲ್ಯಾಬ್

ಲ್ಯಾಬ್‌ನಲ್ಲಿ ತುಂಡನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಪಾದರಸವನ್ನು ಆವಿ ಮಾಡಿ, 253.7 ನ್ಯಾನೋಮೀಟರ್ ಬೆಳಕನ್ನು ಆ ಆವಿ ಎಷ್ಟು ಹೀರುತ್ತದೆ ಅಂತ ನೋಡುತ್ತಾರೆ. ಮೀನಿನ ಮಾಂಸದಲ್ಲಿ ಇರುವ ಪಾದರಸದ ಬಹುಪಾಲು ಮಿಥೈಲ್ ರೂಪದ್ದೇ. ಅದಕ್ಕೇ ಒಟ್ಟು ಪಾದರಸ ಅಳೆಸಿದರೆ ಸಾಕು, ಖರ್ಚೂ ಕಮ್ಮಿ.

ನೀವೂ ಟೆಸ್ಟ್ ಮಾಡಿಸುವುದಾದರೆ ಮೂರು ವಿಷಯ ಕೇಳಿ. ನಿಮ್ಮ ಮಿಷಿನ್ ಎಷ್ಟು ಕಮ್ಮಿ ಪ್ರಮಾಣದವರೆಗೆ ಹಿಡಿಯುತ್ತದೆ? ಪಾದರಸ ಎಷ್ಟಿದೆ ಅಂತ ಮೊದಲೇ ಖಚಿತ ಮಾಡಿದ ಮೀನಿನ ಪುಡಿಯನ್ನು ನಮ್ಮ ಸ್ಯಾಂಪಲ್ ಜೊತೆ ಓಡಿಸುತ್ತೀರಾ? ರಿಪೋರ್ಟ್ ಹಸಿ ತೂಕಕ್ಕೋ, ಒಣ ತೂಕಕ್ಕೋ? ಮೂರನೆಯದನ್ನು ಬಿಡಲೇಬೇಡಿ. ಮೀನಿನ ಮಾಂಸದಲ್ಲಿ ಮುಕ್ಕಾಲು ಭಾಗಕ್ಕೂ ಮಿಕ್ಕಿ ನೀರು. ಒಣ ತೂಕದ ನಂಬರ್ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ, ಕಾನೂನಿನ ಮಿತಿ ಇರುವುದು ಹಸಿ ತೂಕಕ್ಕೆ. ಒಂದು ಲ್ಯಾಬ್‌ನವರು ಇದಕ್ಕೆ ಉತ್ತರವನ್ನೇ ಕೊಡಲಿಲ್ಲ, ಅವರನ್ನು ಬಿಟ್ಟೆವು.

ಪಾದರಸ ಸಿಕ್ಕರೆ ಮುಂದೇನು ಅಂತ ಕೇಳುವವರಿದ್ದಾರೆ. ಕೆನಡಾದ ಒಂಟಾರಿಯೋದಲ್ಲಿ 658 ನಂಬರಿನ ಕೆರೆಗೆ ವಿಜ್ಞಾನಿಗಳು 2001ರಿಂದ 2007ರವರೆಗೆ ಗುರುತು ಹಚ್ಚಬಹುದಾದ ಪಾದರಸದ ಐಸೋಟೋಪು (ಪರಮಾಣುವಿನ ತೂಕ ಸ್ವಲ್ಪ ಬೇರೆ ಇರುವ ಪಾದರಸ) ಸೇರಿಸಿದರು. ಸೇರಿಸುವುದನ್ನು ನಿಲ್ಲಿಸಿದ ಮೇಲೆ ಮೀನಿನಲ್ಲಿ ಅದು ಬೇಗ ಇಳಿಯಿತು. ಅಂದರೆ ಒಡೆದ ಟ್ಯೂಬ್‌ಲೈಟ್, ಹಳೇ ಥರ್ಮಾಮೀಟರ್ ಕಸದ ಜೊತೆ ರಾಜಕಾಲುವೆಗೆ ಹೋಗುವುದನ್ನು ತಡೆದರೆ ಉಪಯೋಗ ಇದೆ. ಅಲ್ಲಿಯವರೆಗೆ ಮೀನು ಬಿಡಬೇಕಿಲ್ಲ. ಬಾಣಂತಿಗೆ ದೊಡ್ಡ ಕೊರವದ ಬದಲು ಸಣ್ಣ ಜಿಲೇಬಿಯೋ, ಬೂತಾಯಿಯೋ ಕೊಟ್ಟರೂ ಶಕ್ತಿ ಬರುತ್ತದೆ.

ಈ ವಾರ ಐಸ್ ಬಾಕ್ಸ್ ಲ್ಯಾಬ್‌ಗೆ ಹೋಗುತ್ತದೆ. ನಂಬರ್ ಬಂದ ಮೇಲೆ ಮೊದಲು ಏರಿ ಮೇಲಿನ ಅಕ್ಕನಿಗೂ ಟೆಂಡರ್‌ನವರಿಗೂ ಹೇಳಿ, ಆಮೇಲೆ ಕೆರೆಯ ಹೆಸರಿನ ಜೊತೆ ಇಲ್ಲಿ ಹಾಕುತ್ತೇನೆ. ನಿಮ್ಮ ಮನೆ ಹತ್ತಿರದ ಕೆರೆ ಹೂಳೆತ್ತಿ ಮತ್ತೆ ತುಂಬಿದ್ದರೆ, ಯಾವ ತಿಂಗಳು ನೀರು ಬಂತು, ಯಾವಾಗ ಮೀನು ಮರಿ ಬಿಟ್ಟರು ಅಂತ ಬರೆದಿಟ್ಟುಕೊಂಡು ತಿಳಿಸಿ. ಮುಂದಿನ ಸುತ್ತಿಗೆ ಅಂಥ ಕೆರೆಯೇ ಬೇಕು.