ಟ್ರ್ಯಾಕ್ ಡೇಗೆ ನನ್ ಮಿಯಾಟಾಗೆ ಯಾವ ಕೂಲಂಟ್ ಹಾಕ್ತೀನಿ, ಯಾಕೆ

ಮೈಸೂರಿನ ಹುಡುಗ ಒಬ್ಬ, ಇಲ್ಲೇ ಬೇ ಏರಿಯಾದಲ್ಲಿ ಕೆಲಸ, ಹೊಸದಾಗಿ ಒಂದು ಹಳೇ ಮಾಜ್ದಾ ಮಿಯಾಟಾ ತಗೊಂಡಿದಾನೆ. ಮೊದಲ್ನೇ ಟ್ರ್ಯಾಕ್ ಡೇಗೆ, ಅಂದ್ರೆ ನಮ್ಮ ನಮ್ಮ ಕಾರನ್ನೇ ರೇಸ್ ಟ್ರ್ಯಾಕ್ ಮೇಲೆ ಓಡಿಸೋ ದಿನಕ್ಕೆ, ಹೆಸರು ಕೊಟ್ಟು ನಂಗೆ ಫೋನ್ ಮಾಡಿ ಬ್ರೇಕ್ ಪ್ಯಾಡ್ ಯಾವ್ದು, ಟೈರ್ ಪ್ರೆಶರ್ ಎಷ್ಟು, ಹೆಲ್ಮೆಟ್ ಯಾವ್ದು ಅಂತ ಒಂದು ಗಂಟೆ ಕೇಳ್ದ. ಎಲ್ಲ ಹೇಳಿ ಆಮೇಲೆ ಕೂಲಂಟ್, ಅಂದ್ರೆ ಎಂಜಿನ್ ತಣ್ಣಗಿಡೋಕೆ ರೇಡಿಯೇಟರ್‌ಗೆ ಹಾಕೋ ದ್ರವ, ಏನಿದೆಯಪ್ಪ ಅಂದೆ. "ಹಸಿರುದು ಇದೆ" ಅಂದ. ಅಷ್ಟೇ. ಅವನ ತಪ್ಪಲ್ಲ, ನಾನೂ ಮೊದಲ ಎರಡು ವರ್ಷ ಅಷ್ಟೇ ಗೊತ್ತಿದ್ದು ಓಡಿಸ್ತಿದ್ದೆ, ಅದಕ್ಕೇ ಇದನ್ನ ಕೂತು ಬರೀತಿದೀನಿ.

ನಂದು 1995ರ ಮಾಡೆಲ್, 1.8 ಲೀಟರ್ ಎಂಜಿನ್. ಕ್ಯಾಲಿಫೋರ್ನಿಯಾದ ವಿಲೋಸ್ ಊರಿನ ಹತ್ರ ಥಂಡರ್‌ಹಿಲ್ ಅಂತ ಟ್ರ್ಯಾಕ್ ಇದೆ, 3 ಮೈಲಿ, 15 ತಿರುವು, ಬೇಸಿಗೇಲಿ 40 ಡಿಗ್ರಿ ದಾಟೋದು ಏನೂ ಹೊಸದಲ್ಲ. ಅಂಥ ಒಂದು ಜುಲೈ ಮಧ್ಯಾಹ್ನ ನನ್ ಕಾರಿನ ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳಿತು. ಮೊದಲು ಮೂಗಿಗೆ ಬಂತು ವಾಸನೆ, ಬೆಲ್ಲ ಕಾಯಿಸ್ದಂಗೆ ಸಿಹಿ ಸಿಹಿ, ಆಮೇಲೆ ಗಾಜಿನ ಮೇಲೆ ಮಂಜು ಕೂತಂಗೆ ಆಯ್ತು, ವೈಪರ್ ಹಾಕಿದ್ರೆ ಇನ್ನೂ ಅಂಟಂಟು. ಎಂಜಿನ್ ಬಿಸಿ ತೋರಿಸೋ ಮೀಟರ್ ನೋಡಿದ್ರೆ ಮುಳ್ಳು ಸರಿಯಾಗಿ ನಡುವೆ. ಪಕ್ಕಕ್ಕೆ ತಗೊಳ್ಳೋಷ್ಟ್ರಲ್ಲಿ ಒಂದು ತಿರುವಿನ ಉದ್ದಕ್ಕೂ ಚೆಲ್ಲಿಕೊಂಡು ಹೋಗಿದ್ದೆ, ನನ್ ಹಿಂದೆ ಬರ್ತಿದ್ದ ಕಾರು ಅದ್ರ ಮೇಲೆ ಬಂದು ಗಿರ್ರಂತ ತಿರುಗಿ ಹುಲ್ಲಿಗೆ ಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಸೆಷನ್ ನಿಲ್ಸಿ, ಬಿಸಿಲಲ್ಲಿ ನಾಲ್ಕು ಜನ ರಸ್ತೆ ಮೇಲೆ ಪುಡಿ ಹಾಕಿ ಪೊರಕೆಯಿಂದ ಉಜ್ತಿದ್ರಲ್ಲ, ಅದನ್ನ ಗೋಡೆ ಪಕ್ಕ ನಿಂತು ನೋಡ್ತಾ ನಂಗೆ ಹೊಟ್ಟೆ ತೊಳೆಸಿದಂಗಾಯ್ತು.

ಅಂಗಡಿ ಕೂಲಂಟ್‌ನಲ್ಲಿ ನೀರಿನ ಜೊತೆ ಬೆರೆಸೋ ಗ್ಲೈಕಾಲ್ ಅಂದ್ರೆ ಇದು. ನೀರು ಚೆಲ್ಲಿದ್ರೆ ಆ ಬಿಸಿಲಿಗೆ ಹತ್ತು ನಿಮಿಷದಲ್ಲಿ ಆರಿಹೋಗತ್ತೆ, ಎಥಿಲೀನ್ ಗ್ಲೈಕಾಲ್ ಆರಲ್ಲ, ಎಣ್ಣೆ ಥರ ಅಲ್ಲೇ ಕೂರತ್ತೆ. ಬೈಕ್ ರೇಸಿಂಗ್‌ನಲ್ಲಿ ಅದನ್ನ ಹಾಕ್ಕೊಂಡು ಬಂದ್ರೆ ಒಳಗೇ ಬಿಡಲ್ಲ ಅನ್ನೋ ರೂಲು ತುಂಬ ಕಡೆ ಇದೆ, ಎರಡು ಚಕ್ರದವರಿಗೆ ಅದು ಜೀವದ ಪ್ರಶ್ನೆ. ಕಾರಿನ ಟ್ರ್ಯಾಕ್ ಡೇಗಳಲ್ಲಿ ಕೆಲವು ಕಡೆ ಕೇಳ್ತಾರೆ, ಕೆಲವು ಕಡೆ ಕೇಳಲ್ಲ. ಕೇಳಲಿ ಬಿಡಲಿ, ನಾನಂತೂ ಅವತ್ತಿಂದ ಬೇಸಿಗೆ ಟ್ರ್ಯಾಕ್‌ಗೆ ಗ್ಲೈಕಾಲ್ ಹಾಕ್ಕೊಂಡು ಹೋಗಿಲ್ಲ.

ಹಂಗಾದ್ರೆ ಬರೀ ನೀರಾ, ಕುದಿಯಲ್ವಾ ಅಂತ ಎಲ್ರೂ ಕೇಳ್ತಾರೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಬಿಸಿ ಹೊತ್ಕೊಂಡು ಹೋಗೋದ್ರಲ್ಲಿ ನೀರನ್ನ ಮೀರಿಸೋ ಕೂಲಂಟ್ ಅಂಗಡೀಲಿ ಸಿಗಲ್ಲ. ಒಂದು ಕೆಜಿ ನೀರು ಒಂದು ಡಿಗ್ರಿ ಬಿಸಿಯಾಗೋಕೆ 4.18 ಕಿಲೋಜೂಲ್ ಕುಡಿಯತ್ತೆ, ಅರ್ಧ ನೀರು ಅರ್ಧ ಗ್ಲೈಕಾಲ್ ಇದ್ರೆ 3.5ರ ಆಸುಪಾಸು, ಜೊತೆಗೆ ಆ ಮಿಶ್ರಣ ಮಂದ, ಪಂಪು ತಳ್ಳೋದು ಕಷ್ಟ, ಲೋಹದಿಂದ ಬಿಸಿ ಎಳ್ಕೊಳ್ಳೋದೂ ಕಮ್ಮಿ. ಗ್ಲೈಕಾಲ್ ಕೊಡೋದು ಎರಡೇ: ಚಳೀಲಿ ಹೆಪ್ಪುಗಟ್ಟಲ್ಲ, ಕುದಿಯೋ ಡಿಗ್ರಿ ಸ್ವಲ್ಪ ಮೇಲೆ ಹೋಗತ್ತೆ. ಆ ಎರಡನೇದು ಅರ್ಧ-ಅರ್ಧ ಮಿಶ್ರಣದಲ್ಲೂ ಏಳೆಂಟು ಡಿಗ್ರಿ ಅಷ್ಟೇ. ನಿಜವಾದ ಕೆಲಸ ಮಾಡೋದು ರೇಡಿಯೇಟರ್ ಕ್ಯಾಪ್, ಅದು ಒಳಗೆ ಒತ್ತಡ ಹಿಡಿದಿಡತ್ತೆ. ಮಿಯಾಟಾ ಕ್ಯಾಪ್ 13 ಪಿಎಸ್‌ಐ, ಆ ಒತ್ತಡದಲ್ಲಿ ಬರೀ ನೀರು ಕೂಡ 118-119 ಡಿಗ್ರಿವರೆಗೆ ಕುದಿಯಲ್ಲ. ಅಷ್ಟು ಬಿಸಿ ಆಗಿದೆ ಅಂದ್ರೆ ಬೇರೇನೋ ಕೆಟ್ಟಿದೆ, ಕೂಲಂಟ್ ಬದಲಾಯಿಸಿ ಅದನ್ನ ಮುಚ್ಚಿಡ್ಬೇಡಿ. ಕ್ಯಾಪ್‌ನ ರಬ್ಬರ್ ಸತ್ತಿದ್ರೆ ಈ ಲೆಕ್ಕ ಎಲ್ಲ ಬಿದ್ದೋಗತ್ತೆ, ಸ್ವಲ್ಪ ದುಡ್ಡಿನ ಸಾಮಾನು, ವರ್ಷಕ್ಕೊಂದು ಹೊಸದು ಹಾಕಿ.

ಚಿಕ್ಕೋನಿದ್ದಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವಾಗ ಲಾರಿಗಳು ಸಾಲಾಗಿ ಬಾನೆಟ್ ಎತ್ಕೊಂಡು ನಿಂತಿರ್ತಿದ್ವು, ಕ್ಲೀನರ್ ಹುಡುಗ ಒದ್ದೆ ಗೋಣಿಚೀಲ ಸುತ್ತಿ ಕ್ಯಾಪ್ ತಿರುಗಿಸಿ ಪಕ್ಕಕ್ಕೆ ಓಡಿಹೋಗೋದು, ಹಬೆ ಇಳಿದ ಮೇಲೆ ಹಳ್ಳದಿಂದ ಕೊಡಪಾನದಲ್ಲಿ ನೀರು ತಂದು ಹುಯ್ಯೋದು. ಘಾಟಿ ಹತ್ತೋಕೆ ಆ ನೀರು ಸಾಕಾಗ್ತಿತ್ತು, ಆದ್ರೆ ಅದೇ ನೀರು ಒಳಗೆ ತುಕ್ಕು ತಿಂದು, ಸುಣ್ಣ ಕಟ್ಟಿ, ರೇಡಿಯೇಟರ್ ನಾಳ ಮುಚ್ಚಿಸ್ತಿತ್ತು. ಅದಕ್ಕೇ ನೀರು ಅಂದ್ರೆ ನಲ್ಲಿ ನೀರಲ್ಲ, ಡಿಸ್ಟಿಲ್ಡ್ ವಾಟರ್. ಎಂಜಿನ್‌ನ ಕೆಳಗಿನ ಭಾಗ ಬ್ಲಾಕ್ ಎರಕದ ಕಬ್ಬಿಣ, ಅದ್ರ ಮೇಲೆ ಕೂರೋ ಹೆಡ್ ಅಲ್ಯೂಮಿನಿಯಂ, ಇವೆರಡೂ ನೀರಲ್ಲಿ ಒಟ್ಟಿಗೆ ಕೂತ್ರೆ ಒಂದು ಇನ್ನೊಂದನ್ನ ತಿನ್ನತ್ತೆ, ಹಂಗಾಗಿ ಡಿಸ್ಟಿಲ್ಡ್ ಆದ್ರೂ ಬರೀ ನೀರು ಬಿಡಂಗಿಲ್ಲ. ನಾನು ರೆಡ್ ಲೈನ್‌ನವರ ವಾಟರ್ ವೆಟರ್ ಹಾಕ್ತೀನಿ, ಅದ್ರಲ್ಲಿ ತುಕ್ಕು ತಡೆಯೋ ರಾಸಾಯನಿಕ ಇದೆ, ಜೊತೆಗೆ ನೀರಿನ ಮೇಲ್ಮೈ ಬಿಗಿತ ಕಮ್ಮಿ ಮಾಡತ್ತೆ. ಎಕ್ಸಾಸ್ಟ್ ವಾಲ್ವ್ ಸುತ್ತ ಲೋಹ ಎಷ್ಟು ಕಾದಿರತ್ತೆ ಅಂದ್ರೆ ಅಲ್ಲಿ ನೀರು ಗುಳ್ಳೆ ಗುಳ್ಳೆ ಆಗಿ ಕುದೀತಾನೇ ಇರತ್ತೆ, ಆ ಗುಳ್ಳೆ ಬೇಗ ಕಿತ್ಕೊಂಡು ಹೋಗ್ಬೇಕು, ಅಲ್ಲೇ ಪದರ ಕಟ್ಟಿದ್ರೆ ಆ ಜಾಗ ಕಾದು ನಾಕಿಂಗ್ ಶುರು, ಅಂದ್ರೆ ಪೆಟ್ರೋಲ್ ಸರಿಯಾಗಿ ಉರಿಯದೆ ಟಕಟಕ ಸಿಡಿಯೋದು. ಗುಳ್ಳೆ ಕೀಳೋಕೆ ಅದು ಸಹಾಯ ಮಾಡತ್ತೆ. ಬಾಟಲಿ ಮೇಲೆ ಬರೆದಷ್ಟೆಲ್ಲ ತಣ್ಣಗಾಗತ್ತೆ ಅಂತ ನಾನು ಹೇಳಲ್ಲ, ನೀರಿನ ಜೊತೆ ಅದು ಬೇಕು ಅಂತ ಮಾತ್ರ ಹೇಳ್ತೀನಿ.

ಮಿಯಾಟಾದವರು ಇದಕ್ಕೆ ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಇನ್ನೊಂದು ಕಾರಣ ಇದೆ. ಈ ಎಂಜಿನ್ ಮೊದಲು ಅಡ್ಡಡ್ಡ ಕೂರೋ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಅಂತ ಮಾಡಿದ್ದು, ಬಿಸಿನೀರು ಹೆಡ್‌ನ ಹಿಂದಿನ ತುದಿಯಿಂದ ಆಚೆ ಹೋಗ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸ್ದಾಗ ಆ ದಾರೀನ ಮುಂದಕ್ಕೆ ತಂದ್ರು, ಪಂಪೂ ಮುಂದೇನೇ ಇರೋದ್ರಿಂದ ಕೊನೇ ನಾಲ್ಕನೇ ಸಿಲಿಂಡರ್‌ಗೆ ಹರಿವು ಕಮ್ಮಿ, ಅದೇ ಜಾಸ್ತಿ ಕಾಯೋದು. ರಸ್ತೇಲಿ ತೊಂದ್ರೆ ಇಲ್ಲ, ಇಪ್ಪತ್ತು ನಿಮಿಷ ಒಂದೇ ಸಮ 6000-7000 ಆರ್‌ಪಿಎಂನಲ್ಲಿ ಎಳೆದ್ರೆ ಗೊತ್ತಾಗತ್ತೆ. ರೀರೂಟ್ ಕಿಟ್ ಹಾಕಿ ಮತ್ತೆ ಹಿಂದಿನಿಂದ ತೆಗೆಯೋರಿದಾರೆ, ಟರ್ಬೋ ಹಾಕೋರು ಖಂಡಿತ ಮಾಡ್ಲೇಬೇಕು ಅಂತ ನನ್ ಅಭಿಪ್ರಾಯ. ನಂದು ಟರ್ಬೋ ಇಲ್ಲ, ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಮತ್ತು ನೀರು, ಇಷ್ಟರಲ್ಲೇ ನಡೀತಿದೆ.

ನೀರಿಲ್ಲದ ಕೂಲಂಟ್ ಅಂತ ಇವಾನ್ಸ್‌ನವರದು ಬರತ್ತೆ, 190 ಡಿಗ್ರಿ ಹತ್ರ ಹೋಗೋವರೆಗೆ ಕುದಿಯಲ್ಲ. ಕುದಿಯಲ್ಲ ನಿಜ, ಆದ್ರೆ ಬಿಸಿ ಹೊರೋ ಶಕ್ತಿ ನೀರಿಗಿಂತ ಎಷ್ಟೋ ಕಮ್ಮಿ, ಎಂಜಿನ್ ಇನ್ನೂ ಬಿಸಿಯಾಗೇ ಓಡತ್ತೆ, ಮೇಲಾಗಿ ಅದು ಪೂರ್ತಿ ಗ್ಲೈಕಾಲೇ, ಟ್ರ್ಯಾಕ್ ಮೇಲೆ ಚೆಲ್ಲಿದ್ರೆ ದೇವರೇ ಗತಿ. ನಂಗೆ ಬೇಡ.

ಇನ್ನು ಆ ಹಸಿರು ವಿಷಯ. ಬಣ್ಣ ಬರೀ ಬಣ್ಣ, ಅದಕ್ಕೊಂದು ನಿಯಮ ಇಲ್ಲ. ತುಕ್ಕು ತಡೆಯೋಕೆ ಸಿಲಿಕೇಟ್ ಹಾಕಿರೋ ಹಳೇ ಕಾಲದ್ದೂ ಹಸಿರೇ, ಎರಡು ವರ್ಷಕ್ಕೆ ಅದ್ರ ಜೀವ ಮುಗೀತು. ಮಾಜ್ದಾದವರ ಈಗಿನ ಎಫ್‌ಎಲ್‌22 ಕೂಡ ಹಸಿರೇ, ಅದು ಫಾಸ್ಫೇಟ್ ಮತ್ತು ಸಾವಯವ ಆಮ್ಲದ್ದು, ಬೇರೇನೇ ಜಾತಿ. ಜಪಾನಿನವರು ಸಿಲಿಕೇಟ್ ಪಂಪಿನ ಸೀಲ್ ಸವೆಸತ್ತೆ ಅಂತ ದೂರ ಇಡ್ತಾರೆ, ಯುರೋಪಿನವರು ಅವರ ಗಡಸು ನೀರಲ್ಲಿ ಫಾಸ್ಫೇಟ್ ಸುಣ್ಣ ಕಟ್ಟತ್ತೆ ಅಂತ ಅದನ್ನ ದೂರ ಇಡ್ತಾರೆ. ಒಂದಕ್ಕೊಂದು ಬೆರೆಸಿದ್ರೆ ಕೆಲವು ಸಲ ಗಂಜಿ ಥರ ಆಗತ್ತೆ. ಬಾಟಲಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದನ್ನ ಓದಿ ತಗೊಳ್ಳಿ, ಜಪಾನಿ ಕಾರಿಗೆ ಏಷ್ಯನ್ ಅಂತ ಬರೆದಿರೋ ಫಾಸ್ಫೇಟ್ ಜಾತೀದು.

ಚಳಿಗಾಲಕ್ಕೆ ನಾನೂ ಅದೇ ಹಾಕೋದು. ನವೆಂಬರ್ ಬರೋಷ್ಟ್ರಲ್ಲಿ ನೀರು ಇಳಿಸಿ ಅರ್ಧ-ಅರ್ಧ ತುಂಬ್ತೀನಿ, ಮೈನಸ್ 37ರವರೆಗೆ ಚಿಂತೆ ಇಲ್ಲ, ಹಿಮ ಬೀಳೋ ಟಾಹೋ ಕಡೆ ಹೋದಾಗ ರಾತ್ರಿ ಹೊರಗೆ ನಿಲ್ಸಿದ್ರೂ ಆಯ್ತು. ಬರೀ ನೀರಿಟ್ಕೊಂಡು ಒಂದೇ ರಾತ್ರಿ ಹೆಪ್ಪುಗಟ್ಟಿದ್ರೆ ಬ್ಲಾಕ್ ಸೀಳತ್ತೆ, ಈ ತಾರೀಕು ಮಾತ್ರ ಮರೀಬಾರ್ದು. ಏಪ್ರಿಲ್‌ನಲ್ಲಿ ಮತ್ತೆ ತೊಳ್ದು ನೀರು. ಪೂರ್ತಿ ಹಿಡಿಯೋದು 6 ಲೀಟರ್, ರೇಡಿಯೇಟರ್ ಪ್ಲಗ್ ಬಿಚ್ಚಿದ್ರೆ ಎಲ್ಲ ಬರಲ್ಲ, ಬ್ಲಾಕ್‌ನಲ್ಲಿ ಉಳ್ಕೊಳ್ಳತ್ತೆ, ಹಂಗಾಗಿ ಮೂರು ಸಲ ತುಂಬಿ ಬಿಸಿ ಮಾಡಿ ಆರಿಸಿ ಇಳಿಸ್ತೀನಿ. ತುಂಬುವಾಗ ಕಾರಿನ ಮೂತಿ ಎತ್ತರಕ್ಕಿಟ್ಟು, ಹೀಟರ್ ಫುಲ್ ಬಿಸೀಗಿಟ್ಟು, ಮೇಲಿನ ಹೋಸ್ ಕೈಯಲ್ಲಿ ಹಿಂಡ್ತಾ ಇದ್ರೆ ಗುಳುಗುಳು ಅಂತ ಗಾಳಿ ಬರತ್ತೆ, ಅದು ನಿಲ್ಲೋವರೆಗೆ ಕ್ಯಾಪ್ ಹಾಕಲ್ಲ.

ಹುಡುಗನ ಕಾರು ಭಾನುವಾರ ಹೋಗಿ ನೋಡ್ದೆ. ಕೂಲಂಟ್‌ಗಿಂತ ಮೊದಲು ಅವನ ರೇಡಿಯೇಟರ್‌ನ ಮೇಲಿನ ಟ್ಯಾಂಕ್ ತೋರಿಸ್ದೆ. ಹೊಸದ್ರಲ್ಲಿ ಆ ಪ್ಲಾಸ್ಟಿಕ್ ಕಪ್ಪಗಿರತ್ತೆ, ಅವಂದು ಒಣಗಿದ ತೇಗದೆಲೆ ಬಣ್ಣಕ್ಕೆ ಬಂದಿತ್ತು, ನಂದು ಸೀಳಿದಾಗಲೂ ಅದೇ ಬಣ್ಣ. ಹೊಸ ರೇಡಿಯೇಟರ್‌ಗೆ ಅಲ್ಲೇ ಕೂತು ಆರ್ಡರ್ ಹಾಕ್ದ. ಇಳಿಸಿದ ಹಸಿರು ಕೂಲಂಟ್‌ನ ಕ್ಯಾನ್‌ಗೆ ತುಂಬಿ ಬಿಗಿಯಾಗಿ ಮುಚ್ಚಿ ಅವನ ಗ್ಯಾರೇಜ್‌ನ ಮೇಲಿನ ಶೆಲ್ಫಿನಲ್ಲಿಟ್ವಿ, ಶನಿವಾರ ಕೌಂಟಿಯವರು ಇಂಥದ್ದನ್ನ ತಗೊಳ್ಳೋ ಜಾಗಕ್ಕೆ ಕೊಟ್ಟು ಬರ್ಬೇಕು. ಸಿಹಿ ಇರತ್ತಲ್ಲ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗತ್ತೆ, ಅವನ ಪಕ್ಕದ ಮನೇಲಿ ಒಂದು ಮರಿ ಇದೆ, ನಾವು ಕೆಲಸ ಮಾಡ್ತಿದ್ದಷ್ಟು ಹೊತ್ತೂ ಬೇಲಿ ಸಂದೀಲಿ ಮೂತಿ ತೂರಿಸಿ ನಮ್ಮನ್ನೇ ನೋಡ್ತಿತ್ತು.