ಆ ಅತ್ತಿಗೇನ ಯಾಕ್ ಸಾಯಿಸಿದ್ರಿ?

ಗ್ರಂಥಾಲಯ ಸಪ್ತಾಹ ಅಂದರೆ ನಮ್ಮೂರಲ್ಲಿ ನವೆಂಬರ್ 14ರಿಂದ 20ರವರೆಗೆ ಬ್ಯಾನರ್ ಕಟ್ಟುವ ವಾರ. ಈ ಸಲ ಯಾರಿಗೋ ಹುಮ್ಮಸ್ಸು ಬಂದು ‘ಲೇಖಕರೊಂದಿಗೆ ಸಂವಾದ, ಹಸ್ತಾಕ್ಷರ’ ಅಂತ ಒಂದು ಮಧ್ಯಾಹ್ನ ಇಟ್ಟರು. ಪುಸ್ತಕ ಮಾರುವ ಮೇಜಿಗೆ ನನ್ನನ್ನು ಕೂರಿಸಿದರು. ಚಿಲ್ಲರೆ ಕೊಡುವ ಕೆಲಸವಾದ್ದರಿಂದ ವೇದಿಕೆಗಿಂತ ಜನರೇ ನನಗೆ ಚೆನ್ನಾಗಿ ಕಾಣುತ್ತಿದ್ದರು.

ಸಂವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಾಗತ, ಪ್ರಾಸ್ತಾವಿಕ, ಪೇಟ, ಶಾಲು, ಹಣ್ಣಿನ ಬುಟ್ಟಿ, ಅಧ್ಯಕ್ಷರ ಮಾತು. ಲೇಖಕರಿಗೆ ಮೈಕ್ ಸಿಗುವ ಹೊತ್ತಿಗೆ ಹಿಂದಿನ ಸಾಲಿನವರು ಕಾಫಿಗೆ ಎದ್ದಿದ್ದರು. ಪ್ರಶ್ನೆ ಕೇಳಿ ಅಂದಾಗ ಎದ್ದು ನಿಂತ ಹಿರಿಯರೊಬ್ಬರು ‘ಈಗಿನ ಯುವಜನ ಲೈಬ್ರರಿಗೇ ಬರುವುದಿಲ್ಲವಲ್ಲ’ ಎಂದು ಸುದೀರ್ಘವಾಗಿ ಮರುಗಿದರು. ಆಗ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕುರ್ಚಿ ಸಾಲದೆ ನೆಲದ ಮೇಲೂ ಕೂತಿದ್ದರು. ಅವರಲ್ಲೊಬ್ಬಳು ಬಂದು, ‘ಸಾರ್, ಮೈಕ್ ಸ್ವಲ್ಪ ಕಮ್ಮಿ ಮಾಡಿಸ್ತೀರಾ?’ ಅಂತ ನನ್ನನ್ನು ಕೇಳಿ ಹೋದಳು. ಹಿರಿಯರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೂ ಮರುಗುವುದನ್ನು ನಿಲ್ಲಿಸುತ್ತಿರಲಿಲ್ಲ ಅನ್ನಿ.

ನನ್ನ ತಲೆಯಲ್ಲಿ ಈ ವಾರವೆಲ್ಲ ಸುತ್ತುತ್ತಿರುವುದು ಆಮೇಲೆ ನಡೆದದ್ದು.

ಹಸ್ತಾಕ್ಷರಕ್ಕೆ ಸಾಲು ನಿಂತಿತ್ತು. ಪುಸ್ತಕ ಕೊಂಡವರು, ಪುಸ್ತಕ ಕೊಳ್ಳದೆ ಸೆಲ್ಫಿಗೆ ನಿಂತವರು. ನಡುವೆ ಐವತ್ತು ದಾಟಿದ ಒಬ್ಬ ಹೆಂಗಸು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು ಅಂತ ನಮ್ಮ ಬೀದಿಯವರಿಗೆಲ್ಲ ಗೊತ್ತು. ಕೈಯಲ್ಲಿ ಈ ಲೇಖಕರದೇ ಹಳೆಯ ಕಾದಂಬರಿ. ಆದರೆ ನನ್ನ ಮೇಜಿನದಲ್ಲ, ಅಲ್ಲೇ ಕಪಾಟಿನಿಂದ ತೆಗೆದದ್ದು. ಬೆನ್ನಿಗೆ ಕಂದು ಟೇಪು, ಅಂಚಿನಲ್ಲಿ ನೇರಳೆ ಮೊಹರು.

ಲೇಖಕರು ಪೆನ್ನಿನ ಮುಚ್ಚಳ ತೆಗೆದು, ‘ಏನಮ್ಮ ಹೆಸರು?’ ಅಂದರು. ಲೈಬ್ರರಿ ಮೇಡಂ ಎಲ್ಲಿದ್ದರೋ, ಬಂದು ಪುಸ್ತಕದ ಮೇಲೆ ಕೈಯಿಟ್ಟರು. ‘ಸಾರ್, ಲೈಬ್ರರಿ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ.’

‘ನಾನೇ ಬರೆದ ಪುಸ್ತಕ ಕಣಮ್ಮ!’

‘ಪುಸ್ತಕ ನೀವು ಬರ್ದಿರಬಹುದು ಸಾರ್, ಪ್ರತಿ ಲೈಬ್ರರೀದು.’

ಎಲ್ಲರೂ ನಕ್ಕರು, ಲೇಖಕರೂ ನಕ್ಕರು. ಆದರೆ ಮುಖ ಸ್ವಲ್ಪ ಕೆಂಪಾಗಿತ್ತು. ಸಂಘದ ಕಾರ್ಯದರ್ಶಿ ದೊಡ್ಡ ಮನಸ್ಸು ಮಾಡಿ, ‘ಒಂದು ಹೊಸ ಪ್ರತಿ ನನ್ನ ಲೆಕ್ಕದಲ್ಲಿ ಕೊಡ್ರೀ ಇವರಿಗೆ’ ಅಂತ ನನ್ನ ಕಡೆ ಕೂಗಿದರು. ದೊಡ್ಡ ಮನಸ್ಸು ಮಾಡುವಾಗ ಅವರ ದನಿಯೂ ದೊಡ್ಡದಾಗುತ್ತದೆ. ಆ ಹೆಂಗಸು ತಲೆ ಅಲ್ಲಾಡಿಸಿಬಿಟ್ಟರು. ‘ಬ್ಯಾಡ ಸಾ. ಮನೇಲಿದ್ರೆ ಯಾವಾಗಾದ್ರೂ ಓದಿದ್ರಾಯ್ತು ಅಂತ ಮೇಲಿಟ್ಬುಡ್ತೀನಿ. ಇದಾದ್ರೆ ವಾಪಸ್ ಕೊಡಬೇಕಲ್ಲ, ಓದ್ತೀನಿ.’

ಲೇಖಕರು ಮಾತಿಲ್ಲದೆ ಪುಸ್ತಕ ತಿರುಗಿಸಿದರು. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ. ಅದನ್ನು ಬೆರಳಿಟ್ಟು ಓದತೊಡಗಿದರು. 2015 ಏಪ್ರಿಲ್. 2016 ಏಪ್ರಿಲ್. 2018 ಮೇ. ಕೊರೊನಾ ವರ್ಷಗಳು ಖಾಲಿ. ಮತ್ತೆ ಏಪ್ರಿಲ್, ಮತ್ತೆ ಮೇ. ‘ಇದೇನು, ನನ್ನ ಪುಸ್ತಕ ಬೇಸಿಗೇಲಿ ಮಾತ್ರ ಓದ್ತಾರಾ ನಿಮ್ಮೂರವರು?’

‘ಅದೆಲ್ಲ ನಾನೇ ಸಾ. ಇಸ್ಕೂಲು ರಜಾ ಇದ್ದಾಗಷ್ಟೇ ನಂಗೆ ಪುರಸೊತ್ತು.’

ಆಮೇಲೆ ಅವರು ಬಂದದ್ದೇ ಯಾತಕ್ಕೋ ಅದನ್ನು ಕೇಳಿದರು: ‘ಆ ಅತ್ತಿಗೇನ ಯಾಕ್ ಸಾಯಿಸಿದ್ರಿ?’

ಲೇಖಕರಿಗೆ ಯಾವ ಅತ್ತಿಗೆ ಅಂತಲೇ ನೆನಪಾಗಲಿಲ್ಲ. ‘ಬರೆದು ಬಹಳ ವರ್ಷ ಆಯ್ತಮ್ಮ’ ಅಂದರು. ಆ ಹೆಂಗಸು ಪುಟ ತೆಗೆದು ಕೊಟ್ಟರು. ಸಾಲಿನವರು ಗೊಣಗುತ್ತಿರುವಾಗ ಆ ಮನುಷ್ಯ ನಿಂತುಕೊಂಡೇ ಆ ಅಧ್ಯಾಯ ಓದಿದರು. ಹಾಡಿನಂತೆ ಭಾಷಣ ಮಾಡುವ ಇವರ ಬಗ್ಗೆ ನನಗೆ ಅಂಥ ಅಭಿಮಾನವೇನೂ ಇರಲಿಲ್ಲ. ಆ ಹೊತ್ತು ಮಾತ್ರ ಇಷ್ಟವಾದರು. ಮುಗಿಸಿ, ‘ಈಗ ಬರೆದಿದ್ದರೆ ಉಳಿಸ್ತಿದ್ದೆನೋ ಏನೋ’ ಅಂದರು.

‘ಬ್ಯಾಡ ಬಿಡಿ, ನಂಗೂ ಅಭ್ಯಾಸ ಆಗೋಗದೆ’ ಅಂತ ಹೇಳಿ ಆಕೆ ಪುಸ್ತಕ ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟರು. ಸಹಿ ಆಗಲೇ ಇಲ್ಲ.

ಲೈಬ್ರರಿ ಮೇಡಂ ಅತಿ ಮಾಡಿದರು ಅಂತ ಅವತ್ತು ಸಂಜೆ ಎಲ್ಲರೂ ಅಂದರು. ನಾನೂ ಹೂಂ ಅಂದೆ. ರಾತ್ರಿ ಮನೆಗೆ ಬಂದ ಮೇಲೆ ‘ಪ್ರತಿ ಲೈಬ್ರರೀದು’ ಅನ್ನುವ ಆ ಮಾತೇ ಮತ್ತೆ ಮತ್ತೆ ಕೇಳಿಸತೊಡಗಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ರಸೀದಿಯಲ್ಲಿ ಆ ಸಾಲು ಇರುತ್ತದೆ, ಯಾರೂ ನೋಡುವುದಿಲ್ಲ. ಬಾಡಿಗೆ ಮನೆಯಲ್ಲಿರುವವರೂ ಬಾಡಿಗೆಯೊಳಗೆ ಅದನ್ನು ಕೊಟ್ಟೇ ಕೊಡುತ್ತಾರೆ. ಅಂದಮೇಲೆ ಆ ಟೇಪು ಹಚ್ಚಿದ ಪುಸ್ತಕದಲ್ಲಿ ಆ ಹೆಂಗಸಿನ ಪಾಲೂ ಇದೆ. ನಮ್ಮ ಸಮಾರಂಭದ ಲೆಕ್ಕದಲ್ಲಿ ಮಾತ್ರ ಅವರು ಓದುಗರಲ್ಲ, ಯಾಕೆಂದರೆ ಕೊಂಡವರ ಪಟ್ಟಿ ನನ್ನ ಹತ್ತಿರ ಇತ್ತು, ಅದರಲ್ಲಿ ಅವರ ಹೆಸರಿಲ್ಲ.

ಗಳಗನಾಥರು ಪುಸ್ತಕ ಹೊತ್ತು ಊರೂರು ಅಲೆದು ಮಾರಿದ್ದು ಕನ್ನಡಿಗರಿಗೆಲ್ಲ ಗೊತ್ತು. ಅವರಿಗೆ ತಮ್ಮ ಓದುಗರ ಮನೆ ಬಾಗಿಲಾದರೂ ಗೊತ್ತಿತ್ತು. ಈಗ ಲೇಖಕರಿಗೆ ಲೈಬ್ರರಿ ಅಂದರೆ ಸಗಟು ಖರೀದಿ. ಆಯ್ಕೆ ಪಟ್ಟಿಗೆ ಸೇರಿತೇ, ಬಿಲ್ಲು ಪಾಸಾಯಿತೇ ಅಂತ ಬೆಂಗಳೂರಿಗೆ ಫೋನ್ ಮಾಡುತ್ತಾರೆ. ಪುಸ್ತಕ ಕಪಾಟು ಸೇರಿದ ಮೇಲೆ ಅದರ ಗತಿ ಏನಾಯಿತು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಬ್ರಿಟನ್ನಿನಲ್ಲಿ 1979ರಲ್ಲೇ ಕಾಯ್ದೆ ಮಾಡಿ, ಲೈಬ್ರರಿಯಿಂದ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕರಿಗೆ ಚಿಲ್ಲರೆ ಕಾಸು ಸೇರುವ ಹಾಗೆ ಮಾಡಿದ್ದಾರೆ. ಅಲ್ಲಿನ ಬರಹಗಾರರು ಎರವಲಿನ ಲೆಕ್ಕ ನೋಡುತ್ತಾರೆ, ದುಡ್ಡಿಗಾಗಿಯಾದರೂ ಸರಿ. ನಮ್ಮಲ್ಲಿ ಅಂಥದ್ದಿಲ್ಲ. ಆ ಹೆಂಗಸು ಅಷ್ಟು ಬೇಸಿಗೆ ಓದಿದ್ದಕ್ಕೆ ಇವರಿಗೆ ಬಂದದ್ದು ಒಂದೇ ಪ್ರಶ್ನೆ. ಅದಕ್ಕೂ ಉತ್ತರ ಇರಲಿಲ್ಲ.

ಮೇಡಂ ತಮ್ಮ ಸ್ವಾಗತ ಭಾಷಣದಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ 1931ರ ಪಂಚಸೂತ್ರಗಳನ್ನು ಒಪ್ಪಿಸಿದ್ದರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಅನ್ನುವುದು ಮೂರನೆಯದು. ಆಗ ನಾವೆಲ್ಲ ಆಕಳಿಸುತ್ತಿದ್ದೆವು.

ನಿನ್ನೆ ಹೋಗಿ ಮೇಡಂಗೆ ಒಂದು ಸಲಹೆ ಕೊಟ್ಟೆ. ಇನ್ನು ಮುಂದೆ ಲೇಖಕರು ಬಂದಾಗ ಶಾಲು ಹೊದಿಸುವ ಬದಲು, ನಮ್ಮಲ್ಲಿರುವ ಅವರ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹಿಂಬದಿ ತೆರೆದು ಜೋಡಿಸೋಣ, ಚೀಟಿ ಕಾಣುವ ಹಾಗೆ. ಎರವಲು ತೆಗೆದುಕೊಂಡವರನ್ನು ಹುಡುಕಿ ಮುಂದಿನ ಸಾಲಿನಲ್ಲಿ ಕೂರಿಸೋಣ. ಮೇಡಂ ನಕ್ಕು, ಮುಂದಿನ ತಿಂಗಳು ಬರಲಿರುವ ಸಾಹಿತಿಗಳ ಹೆಸರು ಹೇಳಿದರು. ಅವರ ಪುಸ್ತಕ ಒಳ್ಳೇ ಸಂಖ್ಯೆಯಲ್ಲೇ ಇವೆಯಂತೆ. ಚೀಟಿಗಳು ಮಾತ್ರ ಎಲ್ಲವೂ ಬಿಳಿ. ‘ಅವರ ಮುಂದೆ ತೆರೆದಿಡೋರು ನೀವೋ ನಾನೋ?’ ಅಂತ ಕೇಳಿದರು. ಕಾರ್ಯದರ್ಶಿಯವರನ್ನು ಕೇಳಿ ಹೇಳ್ತೀನಿ ಅಂತ ಬಂದಿದ್ದೇನೆ.